ಉಂಡದ್ದು ಮೈಗೆ ಹತ್ತದ ಕೂಸು

ದೇವದುರ್ಗದ ಕಡೆಯ ಭೀಮವ್ವನಿಗೆ ಒಂದೇ ಚಿಂತೆ. ಮೊಮ್ಮಗ ಗುರುಸಿದ್ದನಿಗೆ ಉಂಡದ್ದು ಮೈಗೆ ಹತ್ತುತ್ತಿಲ್ಲ. ಎರಡು ವರ್ಷ ತುಂಬಿದರೂ ಎದ್ದು ನಡೆಯುವ ಕಸುವಿಲ್ಲ. ಭೇದಿ ನಿಂತಿತು ಅನ್ನುವಷ್ಟರಲ್ಲಿ ಮತ್ತೆ ಶುರು. ಆಡಿನ ಹಾಲು, ತುಪ್ಪ, ಗಂಜಿ, ತಿನ್ನಿಸಿದ್ದೆಲ್ಲ ದಂಡ. ಹೋದ ವರ್ಷ ಇವನ ಅಕ್ಕ ದುರ್ಗಿಯೂ ಹೀಗೇ ಸೊರಗಿ ಸೊರಗಿ ತೀರಿಹೋಗಿದ್ದಳು. "ಯಾರದೋ ಕಣ್ಣು ಬಿದ್ದದ" ಎಂದು ನಿವಾಳಿಸಿ ನಿವಾಳಿಸಿ ಮುದುಕಿಯ ಕೈ ಸೋತಿತ್ತು.

ಕೊನೆಗೆ ಸೊಸೆ ರಾಧಾ ಹಟ ಹಿಡಿದು ಅತ್ತೆಯನ್ನೂ ಕೂಸನ್ನೂ ರಾಯಚೂರಿನ ದವಾಖಾನೆಗೆ ಕರೆತಂದಳು. ಮಕ್ಕಳ ಡಾಕ್ಟರು ತಹಸೀನ್ ಕೂಸನ್ನು ತೂಗಿ, ಹೊಟ್ಟೆ ಮುಟ್ಟಿ ನೋಡಿ, "ಕೂಸು ಎಲ್ಲಿ ಆಡ್ತದ ಯವ್ವಾ?" ಎಂದರು.

"ಮನಿಯಾಗ್ರೀ, ಕುರಿಮರಿ ಜೋಡಿ. ಕುರಿ ಕಾಯೋರ ಕೂಸು ಮರಿಗಳ ಜೋಡೀನ ಬೆಳೀಬೇಕ್ರೀ. ಒಂದೇ ಮೂಲ್ಯಾಗ ಬೆಚ್ಚಗ ಮಲಗ್ತಾವ." ಭೀಮವ್ವನಿಗೆ ಹೇಳಿಕೊಳ್ಳಲು ಹೆಮ್ಮೆಯೇ.

"ಮರಿ ಹಾಕಿದ ಹಿಕ್ಕಿ ಬಾಯಿಗೆ ಹಾಕ್ಕೊಂತಾನೇನು?"

"ಕೂಸಲ್ರೀ, ಸಿಕ್ಕಿದ್ದೆಲ್ಲ ಬಾಯಿಗೇ. ಹಿಕ್ಕಿಯಿಂದ ಏನಾಗ್ತದ್ರೀ? ಹೊಲಕ್ಕ ಹಾಕಿದ್ರ ಬೆಳಿ ಬರ್ತದ!"

ಡಾಕ್ಟರು ಮುದುಕಿಯ ಹೆಗಲ ಮೇಲಿನ ಕಂಬಳಿ ಮುಟ್ಟಿದರು. "ಹೊಸ ಕಂಬಳಿ ಮ್ಯಾಲ ರೋಮ ಇರ್ತಾವಲ್ಲ, ಹಂಗ ಕೂಸಿನ ಸಣ್ಣ ಕರುಳಿನ ಒಳಗ ಬೆರಳಿನಂಥ ಎಳಿ ಇರ್ತಾವ. ಸೂಕ್ಷ್ಮದರ್ಶಕದಾಗ ಮಾತ್ರ ಚೊಲೋ ಕಾಣ್ತಾವ. ಉಂಡದ್ದರ ಸತ್ವ ಹೀರಿ ರಕ್ತಕ್ಕ ಕೊಡೋವು ಅವೇ. ಹಿಕ್ಕಿ, ಹೊಲಸು ನೀರಿನ ಜೋಡಿ ಕ್ರಿಮಿ ಮತ್ತ ಮತ್ತ ಹೊಟ್ಟಿಗೆ ಹೋದ್ರ ಆ ಎಳಿ ಸವೆದು ಮೊಂಡ ಆಗ್ತಾವ. ಆಮ್ಯಾಲ ಎಷ್ಟು ತುಪ್ಪ ಉಣಿಸಿದ್ರೂ ಅಷ್ಟ. ಇವಗೂ ಹಂಗ ಆಗಿರಬೇಕು."

"ದುರ್ಗಿಗೂ…?" ಎಂದಳು ಭೀಮವ್ವ. ಆ ಕೂಸನ್ನೂ ಅದೇ ಮೂಲೆಯಲ್ಲಿ ಮುದ್ದಿನಿಂದ ಮಲಗಿಸಿದ್ದವಳು ಅವಳೇ. ರಾಧಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಇವನಾದ್ರೂ ಉಳೀತಾನೇನ್ರೀ?" ಭೀಮವ್ವ ಕೂಸನ್ನು ಅವಚಿಕೊಂಡಳು.

"ಉಳಿಸ್ಕೋಬೇಕು. ಹೊಲಸು ನಿಂತ್ರ ಎಳಿ ಮತ್ತ ಚಿಗಿತಾವ. ಆದ್ರ ಭಾಳ ದಿನ ಬೇಕು. ನಿಂತುಹೋದ ಬೆಳವಣಿಗಿ ಪೂರಾ ಬರ್ತದಂತ ನಾ ಹೇಳಲಾರೆ ಯವ್ವಾ."

ಊರಿಗೆ ಬಂದವಳೇ ಭೀಮವ್ವ ಮರಿಗಳನ್ನು ಹೊರಗಟ್ಟಿದಳು. "ಚಳಿಗೆ ಸಾಯ್ತಾವಲೇ!" ಎಂದ ಗಂಡ ಪರಮಣ್ಣ.

"ಮರಿ ಸತ್ರ ಕುರಿ ಮತ್ತ ಈಯ್ತದ. ದುರ್ಗಿ ಬರ್ತಾಳೇನು?"

ಪರಮಣ್ಣ ಕೊಡಲಿ ಹಿಡಿದು ಹೊರಟ. ಮುಳ್ಳು ಕಡಿದು ತಂದು ಅಂಗಳದಾಚೆ ಮರಿಗಳಿಗೆ ಬೇಲಿ ಕಟ್ಟತೊಡಗಿದ.

ಅವ್ವಂದಿರೇ, ಅಜ್ಜಿಯಂದಿರೇ, ನಿಮ್ಮ ಕೂಸು ಆಡುವ ನೆಲವನ್ನು ಇವತ್ತೇ ನೋಡಿ. ಕುರಿ, ಕೋಳಿಗೆ ಬೇರೆ ಜಾಗ ಮಾಡಿ. ತುತ್ತಿಡುವ ಮುಂಚೆ ಸಾಬೂನಿನಿಂದ ಕೈ ತೊಳೆಯಿರಿ, ನೀರು ಕುದಿಸಿ ಆರಿಸಿ ಕುಡಿಸಿ. ಭೇದಿಯಾದರೆ ಓಆರ್‌ಎಸ್ ಪುಡಿ ಕಲಸಿದ ನೀರು ಕೊಡಿ, ಎದೆಹಾಲು, ಊಟ ನಿಲ್ಲಿಸದೆ ದವಾಖಾನೆಗೆ ಕರೆತನ್ನಿ. ಭೀಮವ್ವನಿಗೆ ಇದು ತಿಳಿಯುವಷ್ಟರಲ್ಲಿ ಒಂದು ಕೂಸು ಮಣ್ಣು ಸೇರಿತ್ತು. ನಿಮಗೆ ಈಗಲೇ ತಿಳಿದಿದೆ.