ನಿಂತಿದ್ದಾಳೋ ಕೂತಿದ್ದಾಳೋ

ಊರಿನಲ್ಲಿ ಬಾಗಿಲು ಕಿಟಕಿ ಮಾಡುವ ಬಡಗಿ ಎಂದರೆ ಐವತ್ತೇಳರ ಕಿಹಾಚಿ ಒಬ್ಬನೇ. ಕೆಲಸದಲ್ಲಿ ಎತ್ತಿದ ಕೈ, ಬಾಯಿ ಮಾತ್ರ ಬಲು ಜೋರು. ಬೆಟ್ಟದ ಮೇಲಿನ ಸಾವಿರ ವರ್ಷದ ಗುಡಿಯ ಕಡೆ ಅವನು ತಲೆ ಹಾಕಿಯೂ ಮಲಗಿದವನಲ್ಲ. ಅಲ್ಲಿ ಕರುಣೆಯ ಕನ್ನೋನ್ ತಾಯಿ ಮುಚ್ಚಿದ ಮರದ ಮಂಟಪದೊಳಗೆ ಇರುತ್ತಾಳೆ. ಮೂವತ್ತಮೂರು ವರ್ಷಕ್ಕೊಮ್ಮೆ, ಮೂರೇ ದಿನ, ಬಾಗಿಲು ತೆರೆಯುತ್ತಾರೆ. ಹೋದ ಸಲ ಊರಿಗೆ ಊರೇ ಮೆಟ್ಟಿಲು ಹತ್ತಿದಾಗ ಈ ಮಹಾಶಯ, ಮರದ ಗೊಂಬೆ ನೋಡಲು ಬಡಗಿ ಸಾಲಿನಲ್ಲಿ ನಿಲ್ಲಬೇಕೇ ಎಂದು ಕೆಳಗೆ ಸಾಕೆ ಎಂಬ ಅಕ್ಕಿಹೆಂಡ ಕುಡಿಯುತ್ತ ಕೂತಿದ್ದ.

ನೋಡಿ ಬಂದವರಾದರೂ ಏನು ಕಂಡರೋ! ತೋಫು ಅಂಗಡಿಯವಳು ತಾಯಿ ನಿಂತಿದ್ದಾಳೆ ಎನ್ನುತ್ತಾಳೆ, ಅವಳ ಗಂಡ ಕೂತಿದ್ದಾಳೆ ಎನ್ನುತ್ತಾನೆ. ಒಬ್ಬರ ಪ್ರಕಾರ ಚಿನ್ನದ ಮೈ, ಇನ್ನೊಬ್ಬರ ಪ್ರಕಾರ ಕಪ್ಪು. ಈ ಜಗಳ ಇನ್ನೂ ಮುಗಿದಿಲ್ಲ.

ಕಿಹಾಚಿಯ ತಾಯಿ ಹಿಸಾನೊ ಎಂಬತ್ತಾರರ ಮುದುಕಿ. ಎರಡು ಸಲ ಆ ಬಾಗಿಲ ಮುಂದೆ ಹೋಗಿ ಬಂದವಳು. ಎರಡು ಸಲವೂ ಎದುರಿಗೆ ಬರುತ್ತಲೇ ತಲೆ ಬಗ್ಗಿಸಿದಳು. ಎತ್ತುವಷ್ಟರಲ್ಲಿ ಹಿಂದಿನವರು ಮುಂದಕ್ಕೆ ನೂಕಿದ್ದರು. ಈಗ ಹಾಸಿಗೆ ಹಿಡಿದಿದ್ದಾಳೆ. ಡಾಕ್ಟರು ಇನ್ನೆರಡು ದಿನ ಎಂದಿದ್ದಾರೆ, ಬಾಗಿಲು ತೆರೆಯಲು ಇನ್ನೂ ನಾಲ್ಕು ದಿನವಿದೆ. ಅವಳಿಗೊಂದು ಭಯ ಹೊಕ್ಕುಕೊಂಡಿತ್ತು. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆಂದರೆ ಒಳಗೆ ಯಾರೂ ಇಲ್ಲವೇನೋ, ಖಾಲಿ ಪೆಟ್ಟಿಗೆಗೆ ಜೀವಮಾನವೆಲ್ಲ ಕೈಮುಗಿದೆನೇನೋ, ಇನ್ನು ಹೋಗುವ ದಾರಿಯಲ್ಲಿ ಕೈಹಿಡಿಯುವವರು ಯಾರು ಎಂದು ಒಂದೇ ಸಮನೆ ಕೊರಗುತ್ತಿದ್ದಳು.

ಅಂಥ ಹೊತ್ತಿನಲ್ಲಿ ಗುಡಿಯಿಂದಲೇ ಕರೆ ಬಂತು. ಮಂಟಪದ ಬಾಗಿಲು ಮಳೆಯ ತೇವಕ್ಕೆ ಉಬ್ಬಿ ಕಚ್ಚಿಕೊಂಡಿದೆಯಂತೆ, ಕಿಹಾಚಿ ಬಂದು ಸಡಿಲ ಮಾಡಿಕೊಡಬೇಕಂತೆ.

ಹಿಸಾನೊ ಮಗನ ತೋಳು ಹಿಡಿದಳು. "ನಿಂತಿದಾಳೋ ಕೂತಿದಾಳೋ, ಅಷ್ಟು ನೋಡ್ಕೊಂಡು ಬಾ ಸಾಕು. ನೀನು ಯಾರ ಮುಂದೂ ತಲೆ ಬಗ್ಗಿಸೋನಲ್ಲ. ನಿನ್ನ ಕೈಲಾಗುತ್ತೆ."

ಮೆಟ್ಟಿಲ ಮೇಲೆ ಕೆಂಪು ಮೇಪಲ್ ಎಲೆ ಬಿದ್ದಿತ್ತು. ಗುಡಿಯಲ್ಲಿ ಮುದಿ ಗುರು ಶುನ್ಕಾಯ್ ಬಿಟ್ಟರೆ ನರಪಿಳ್ಳೆಯಿಲ್ಲ. ತಾನೂ ಈವರೆಗೆ ನೋಡಿಲ್ಲ, ನೋಡಬೇಡ ಎನ್ನಲು ತಾನ್ಯಾರು ಎಂದ ಗುರು. ಕನ್ನೋನ್ ತಾಯಿಗೆ ಮನುಷ್ಯರ ಉಸಿರು ತಾಗಬಾರದು, ಅಷ್ಟೇ. ಕಿಹಾಚಿಯ ತುಟಿಗಳ ನಡುವೆ ಮಡಿಸಿದ ಬಿಳಿ ಕಾಗದ ಇಟ್ಟು, ಹೊರಗೆ ಹೋಗಿ ಬೆನ್ನು ಮಾಡಿ ಕೂತ.

ಕಿಹಾಚಿ ಬಾಗಿಲ ಸಂದಿಯಲ್ಲಿ ಬಿದಿರಿನ ತೆಳು ಸೀಳು ತೂರಿಸಿ ಮೇಲಿಂದ ಕೆಳಗೆ ಎಳೆದ. ತಿರುಗಣಿಗೆ ಮೇಣ ಸವರಿದ. ಎಂಥಾ ಕೆಲಸ ಮಾಡಿದ್ದಾನಪ್ಪ ಪುಣ್ಯಾತ್ಮ, ಒಂದು ಮೊಳೆಯೂ ಇಲ್ಲವಲ್ಲ ಎಂದು ಮನಸ್ಸಿನಲ್ಲೇ ಬೆರಗಾದ. ಅಂಗೈಯಿಂದ ಹೊಸ್ತಿಲ ಬಳಿ ಮೆಲ್ಲಗೆ ತಟ್ಟಿ ಎಳೆದಾಗ ಬಾಗಿಲು ಬಿಟ್ಟುಕೊಂಡು ಒಂದು ಗೇಣು ತೆರೆಯಿತು.

ಮೂವತ್ತಮೂರು ವರ್ಷ ಮುಚ್ಚಿದ್ದ ಗಾಳಿ ಮುಖಕ್ಕೆ ಬಂತು. ಯಾರೂ ಇಲ್ಲದ ಮನೆ ಎಂದುಕೊಂಡು ಬಾಗಿಲು ತೆಗೆದರೆ, ಇಷ್ಟು ಹೊತ್ತೂ ನಮಗಾಗಿಯೇ ಕಾಯುತ್ತಿದ್ದವರು ಎದುರಿಗಿದ್ದಂತೆ ಆಯಿತು. ಆಮೇಲೆ ಅವನಿಗೆ ತಿಳಿದದ್ದು ಇಷ್ಟೇ: ಹಣೆ ನೆಲದ ಹಲಗೆಗೆ ಒತ್ತಿಕೊಂಡಿದೆ, ಕಣ್ಣಲ್ಲಿ ಧಾರಾಕಾರ ನೀರು. ಏಳಬೇಕು, ನೋಡಬೇಕು, ಅವ್ವ ಕಾಯುತ್ತಿದ್ದಾಳೆ ಎಂದು ತನ್ನನ್ನೇ ಬೈದುಕೊಂಡ. ಕತ್ತು ಮೇಲೇಳಲಿಲ್ಲ. ಕೊನೆಗೆ ತಲೆ ತಗ್ಗಿಸಿಕೊಂಡೇ ತಡವರಿಸಿ ಬಾಗಿಲು ಮುಚ್ಚಿದ.

ಇಳಿಯುವಾಗ ಮೆಟ್ಟಿಲು ಮೆಟ್ಟಿಲಿಗೂ ತನಗೆ ತಾನೇ ಶಾಪ ಹಾಕಿಕೊಂಡ. ಸಾಯುವ ತಾಯಿ ಕೇಳಿದ್ದು ಒಂದೇ ಮಾತು, ಅದನ್ನೂ ತರಲಾಗಲಿಲ್ಲ. ನಿಂತಿದ್ದಾಳೆ, ಚಿನ್ನದ ಮೈ ಎಂದುಬಿಡುವುದು, ಒಂದು ಸುಳ್ಳಿನಿಂದ ಯಾರ ಗಂಟು ಹೋಗುತ್ತದೆ ಎಂದು ನಿಶ್ಚಯ ಮಾಡಿಕೊಂಡೇ ಮನೆ ಸೇರಿದ.

ಹಿಸಾನೊ ಕಣ್ಣು ಬಿಟ್ಟು ಕಾಯುತ್ತಿದ್ದಳು. ಆ ಮುಖ ನೋಡಿದ ಮೇಲೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ನೋಡೋಕಾಗ್ಲಿಲ್ಲ ಅವ್ವ. ತಪ್ಪಾಯ್ತು. ತಲೆ ತಾನಾಗೇ ಬಗ್ಗೋಯ್ತು, ಮೇಲೆತ್ತೋಕೇ ಆಗ್ಲಿಲ್ಲ."

ಮುದುಕಿ ಕೈ ಚಾಚಿ ಅವನ ಹಣೆ ಮುಟ್ಟಿದಳು. ಬಿದ್ದ ರಭಸಕ್ಕೆ ಅಲ್ಲಿ ಬುಗುಟೆ ಎದ್ದಿತ್ತು.

"ನಿನ್ನ ತಲೆ ಬಗ್ಗಿತಾ?" ಎಂದಳು. "ನಿಮ್ಮಪ್ಪ ಹೊಡೆದ್ರೂ ಬಗ್ಗದ ತಲೆ ಕಣೋ ಇದು. ಹಂಗಾದ್ರೆ ಇದಾಳೆ, ಬಿಡು."

ಎಷ್ಟೋ ದಿನದ ಮೇಲೆ ಅವತ್ತು ಅವಳೇ ಕೇಳಿ ಗಂಜಿ ಕುಡಿದಳು.