ಡಾರ್ಕ್‌ರೂಮಿನ ಗಡಿಯಾರ

"ಗಂಟೆಗಿಷ್ಟು ಅಂತ ತಗೊಳ್ಳೋಕೆ ಇದೇನು ಸೈಕಲ್ ಬಾಡಿಗೆ ಅಂಗಡಿನಾ?" ವಾಚ್ ರಿಪೇರಿ ಮಾವ ಎದ್ದೇಬಿಟ್ಟರು.

ಫೋಟೊ ಸ್ಟುಡಿಯೊದ ಮುಂದಿನ ಕೋಣೆಯಲ್ಲಿ ಸದಸ್ಯರೆಲ್ಲ ಅವಳ ಸುತ್ತ ಸೇರಿದ್ದರು. ಕೈಯಾರೆ ಫೋಟೊ ತೊಳೆಯುವ ಹುಚ್ಚಿನವರಿಗಾಗಿ ಅವಳ ಅಪ್ಪ ಹಿಂದುಗಡೆ ಬೆಳಕು ನುಸುಳದ ಒಂದು ಡಾರ್ಕ್‌ರೂಮ್ ಮಾಡಿಕೊಟ್ಟಿದ್ದ. ತಿಂಗಳ ಚಂದಾ ಕೊಟ್ಟರೆ ಮುಗಿಯಿತು, ಎಷ್ಟು ಹೊತ್ತು ಬೇಕಾದರೂ ಇರಬಹುದಿತ್ತು. ಅಪ್ಪ ಹೋದ ಮೇಲೆ ಅದನ್ನು ನಡೆಸುತ್ತಿದ್ದ ಅವಳು, ಮುಂದಿನ ತಿಂಗಳಿಂದ ಗಂಟೆ ಲೆಕ್ಕ ಎಂದು ಹೇಳಿ ಈಗ ಎಲ್ಲರಿಂದ ಬೈಸಿಕೊಳ್ಳುತ್ತಿದ್ದಳು.

"ಕೆಮಿಕಲ್ ರೇಟು ಆಕಾಶಕ್ಕೇರಿದೆ ಮಾವ. ಹೀಗೇ ಬಿಟ್ರೆ ಬಾಗಿಲು ಹಾಕ್ಬೇಕಾಗುತ್ತೆ."

"ಜಾಸ್ತಿ ಕೊಡಲ್ಲ ಅಂದ್ನಾ ನಾನು?" ಮಾವ ಕೈ ಚಾಚಿದರು. ಬೆರಳುಗಳು ನಡುಗುತ್ತಿದ್ದವು. "ಪೇಪರ್ ನೆಟ್ಟಗೆ ಕೂರಿಸೋಕೇ ಈ ಕೈಗೆ ಎಷ್ಟೋ ಹೊತ್ತು ಬೇಕು. ನನ್ನ ಮುಪ್ಪಿಗೆ ಬಾಡಿಗೆ ಹಾಕ್ತೀಯಾ, ಬೆಳಕಮ್ಮ?"

ಕೊಡೆ ಎತ್ತಿಕೊಂಡು ಹೊರಟೇಹೋದರು.

ಬೆಳಕಮ್ಮ ಎಂಬ ಆ ಹೆಸರಿಟ್ಟವರೂ ಅವರೇ. ಚಿಕ್ಕವಳಿದ್ದಾಗ ಅವಳು ತಟ್ಟದೆ ಡಾರ್ಕ್‌ರೂಮಿನ ಬಾಗಿಲು ತೆರೆದಿದ್ದಕ್ಕೆ ಬೆಳಕು ಬಿದ್ದು, ಕೆಮಿಕಲ್ ಟ್ರೇಯಲ್ಲಿದ್ದ ಮಾವನ ತಂಗಿಯ ಮದುವೆ ಫೋಟೊಗಳೆಲ್ಲ ಕಪ್ಪಾಗಿದ್ದವು. ಅಪ್ಪ ಕೈ ಎತ್ತಿದಾಗ ಮಾವ ಅಡ್ಡ ಬಂದು, "ಬಿಡಯ್ಯಾ, ಬೆಳಕಮ್ಮ ಬಂದ್ಳು ಅಷ್ಟೇ" ಎಂದು ನಕ್ಕಿದ್ದರು.

ಅವಳು ಮೆಲ್ಲಗೆ ಒಳಗೆ ಹೋದಳು. ನಿನ್ನೆ ತಾನೇ ಮೊಳೆ ಹೊಡೆದು ನೇತುಹಾಕಿದ್ದ ಹೊಸ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಅಪ್ಪನ ಕಾಲದಲ್ಲಿ ಇಲ್ಲಿ ಗಡಿಯಾರವೇ ಇರಲಿಲ್ಲ. "ವಾಚು ಬಿಚ್ಚಿಟ್ಟು ಬನ್ನಿ, ಒಳಗೆ ನಿಮ್ಮ ವ್ಯಾಪಾರ ನಡೆಯಲ್ಲ" ಎಂದು ಅಪ್ಪ ಮಾವನನ್ನು ಕಾಡುತ್ತಿದ್ದ. ಪೇಪರ್ ಟ್ರೇಗೆ ಬಿದ್ದ ಕೂಡಲೇ ಮಾವ ಒಂದು, ಎರಡು ಎಂದು ಎಣಿಸತೊಡಗುತ್ತಿದ್ದರು. ಉಳಿದವರೂ ದನಿ ಸೇರಿಸುತ್ತಿದ್ದರು. ಅರವತ್ತು ಮುಟ್ಟುವಷ್ಟರಲ್ಲಿ ಯಾರದೋ ಮುಖ ನೀರಿನಡಿ ಕಣ್ಣು ಬಿಡುತ್ತಿತ್ತು. ಅವಳಿಗೆ ಅದೆಲ್ಲ ನೆನಪಾಯಿತು. ಸ್ಟೂಲು ಹತ್ತಿ ಗಡಿಯಾರ ಇಳಿಸಿದಳು.

ಹೊರಬಂದು, "ಖರ್ಚಾಗೋದು ಪೇಪರು, ಕೆಮಿಕಲ್ಲು. ನಿಮ್ಮ ಹೊತ್ತಲ್ಲ" ಎಂದಳು. "ಎಷ್ಟು ಫೋಟೊ ತೊಳೀತೀರೋ ಅಷ್ಟಕ್ಕೆ ಕೊಡಿ. ಚಂದಾಕ್ಕಿಂತ ಜಾಸ್ತೀನೇ ಆಗುತ್ತೆ, ಸುಳ್ಳು ಹೇಳಲ್ಲ."

"ಕೈ ಕಚ್ಚುತ್ತೆ ಕಣೇ," ಎಂದಳು ಟೈಲರ್ ಅಕ್ಕ.

"ಕಚ್ಚುತ್ತೆ ಅಕ್ಕ."

ಇಬ್ಬರು ಸದಸ್ಯತ್ವ ಬೇಡವೆಂದು ಎದ್ದುಹೋದರು. ಉಳಿದವರು ಗೊಣಗುತ್ತಲೇ ಒಪ್ಪಿದರು. ಮಾವನಿಗೆ ಸುದ್ದಿ ಮುಟ್ಟಿಸುವ ಕೆಲಸವನ್ನು ಟೈಲರ್ ಅಕ್ಕ ವಹಿಸಿಕೊಂಡಳು. ಮಾರನೆಯ ದಿನ ಬಂದು, "ಹೂಂ ಅನ್ಲಿಲ್ಲ, ಉಹೂಂ ಅನ್ಲಿಲ್ಲ. ಹಟಮಾರಿ ಮನುಷ್ಯ" ಎಂದಳು.

ಭಾನುವಾರ ಕೆಂಪು ದೀಪದ ಕೆಳಗೆ ನಾಲ್ಕೈದು ಜನ ಸೇರಿದರು. ಅಪ್ಪನ ಹಳೆಯ ನೆಗೆಟಿವೊಂದರಿಂದ ಅವಳು ಫೋಟೊ ಮಾಡುತ್ತಿದ್ದಳು. ಪೇಪರನ್ನು ಟ್ರೇಗೆ ಜಾರಿಸಿದಳು. ಯಾರೂ ಎಣಿಸಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಬಾಗಿಲ ಮೇಲೆ ಎರಡು ಸಲ ತಟ್ಟಿದ ಸದ್ದಾಯಿತು.

"ಬರಲಾ, ಬೆಳಕಮ್ಮ?"

"ತಡೀರಿ ಮಾವ, ಟ್ರೇಯಲ್ಲಿ ಫೋಟೊ ಇದೆ."

ಹೊರಗೆ ಕೊಡೆ ಗೋಡೆಗೆ ಒರಗಿದ ಸದ್ದು ಕೇಳಿಸಿತು. ಆಮೇಲೆ ಬಾಗಿಲಾಚೆಯಿಂದಲೇ ನಿಧಾನವಾಗಿ, "ಒಂದು... ಎರಡು..."

ಮೂರಕ್ಕೆ ಟೈಲರ್ ಅಕ್ಕ ದನಿ ಸೇರಿಸಿದಳು. ಬಿಳಿಯ ಪೇಪರಿನ ಮೇಲೆ ಮೊದಲು ಅಪ್ಪನ ಕಪ್ಪು ಪ್ಯಾಂಟು ಮೂಡತೊಡಗಿತು.