ಹನ್ನೆರಡು ಕುರಿಗಳ ಉಣ್ಣೆ

ಕಸವೆಂದರೆ ಯಾವುದು, ಯಾವುದಲ್ಲ ಎಂಬ ಗಹನವಾದ ಪ್ರಶ್ನೆ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಮೂಡಲಗಿಯ ಶಾಲೆಯೊಂದರಲ್ಲಿ ಶಾಶ್ವತವಾಗಿ ಇತ್ಯರ್ಥವಾಗುವುದಿತ್ತು. ನಿರುಪಯುಕ್ತ ಹಾಗೂ ನೈಸರ್ಗಿಕ ವಸ್ತುಗಳ ಕರಕುಶಲ ಸ್ಪರ್ಧೆಯ ಮೂರನೆಯ ನಿಯಮದ ಪ್ರಕಾರ, ಬಳಸಿದ್ದೆಲ್ಲ ಯಾರೋ ಎಸೆದದ್ದಾಗಿರಬೇಕು, ಇಲ್ಲವೇ ತಾನಾಗಿ ಉದುರಿದ್ದಾಗಿರಬೇಕು. ಬೆಲೆಬಾಳುವುದನ್ನು ಅಂಟಿಸಿದವರು ಸ್ಪರ್ಧೆಯಿಂದ ಹೊರಗೆ.

ಅರಭಾವಿಯ ಏಳನೆಯ ತರಗತಿಯ ಭಾಗ್ಯಾ ಹನ್ನೆರಡು ಕುರಿ ಮಾಡಿದ್ದಳು. ಕಾಳು ಬಿಡಿಸಿದ ಗೋವಿನಜೋಳದ ದಿಂಡು ಮೈ, ಹತ್ತಿಯ ಕಡ್ಡಿ ಕಾಲು, ಹರಿದ ಚಪ್ಪಲಿಯ ರಬ್ಬರು ಕಿವಿ. ಇಷ್ಟರ ಬಗ್ಗೆ ಯಾರ ತಕರಾರೂ ಇರಲಿಲ್ಲ. ಮೈತುಂಬ ಅಂಟಿಸಿದ್ದು ಮಾತ್ರ ನಿಜವಾದ ಕರಿ ಉಣ್ಣೆ. ಅದು ಅವಳಿಗೆ ಸಿಕ್ಕಿದ್ದು ಹಟ್ಟಿಯ ಹಿಂದಿನ ಕಸದ ತಗ್ಗಿನಲ್ಲಿ. ಹೋದ ತಿಂಗಳು ಕತ್ತರಿಸಿದ ಆರು ಚೀಲ ಉಣ್ಣೆಯನ್ನು ಕಂಬಳಿ ನೇಯುವವರು ಬಂದು ಒಯ್ದರೆಂದು ಅಜ್ಜ ಖಂಡೆಪ್ಪ ಮನೆಯಲ್ಲಿ ಹೇಳಿದ್ದ. ನಮ್ಮ ಉಣ್ಣೆ ಅಂದರೆ ಜನ ಹುಡುಕಿಕೊಂಡು ಬರುತ್ತಾರೆಂದು ಅಜ್ಜಿ ಫಕೀರವ್ವ ಊರೆಲ್ಲ ಹೇಳಿಕೊಂಡು ಬಂದಿದ್ದಳು. ತಗ್ಗಿನ ಸಂಗತಿ ಭಾಗ್ಯಾಳಿಗೆ ಗೊತ್ತು. ಅವಳಿಗೆ ಗೊತ್ತೆಂಬುದು ಅಜ್ಜನಿಗೆ ಗೊತ್ತಿಲ್ಲ.

ಸರಿತಾ ಟೀಚರ್ ಒಬ್ಬರಿಗೇ ಅವಳು ಹೇಳಿದ್ದು. ಅವರು ವಸ್ತುಗಳ ಪಟ್ಟಿಯಲ್ಲಿ ‘ಉಣ್ಣೆ: ಎಸೆದದ್ದು’ ಎಂದು ಬರೆದು ಸಹಿ ಹಾಕಿದ್ದರು. ಎಲ್ಲ ಸುಸೂತ್ರವಾಗಿತ್ತು. ಆದರೆ ಶನಿವಾರ ಬೆಳಿಗ್ಗೆ ಅಜ್ಜ ತಲೆಗೆ ಪಟಗಾ ಸುತ್ತಿಕೊಂಡು ಹೊರಟು ನಿಂತ.

“ಬಸ್ಸಿನ್ಯಾಗ ಕುರಿ ಹಿಡಕೊಳ್ಳಾಕ ಒಬ್ಬರ ಬೇಕಲ್ಲ.”

“ಟೀಚರ್ ಅದಾರ, ಮುತ್ಯಾ.”

“ಅವರೇನು ಕುರಿ ಹಿಡದಾವ್ರೇನ?”

ಬಸ್ಸಿನಲ್ಲಿ ಅಜ್ಜ ರಟ್ಟಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡ. ಬಾಜೂದ ಹೆಂಗಸು ಕೇಳಿದಳು, “ಕಾಕಾ, ಕುರಿಗೆ ಟಿಕೀಟ್ ತಗೊಂಡಿಯಿಲ್ಲ?”

“ಎಲ್ಲಾ ಹೆಣ್ಣ ಕುರಿ ಅದಾವವಾ, ಪುಕ್ಕಟ.”

“ಉಣ್ಣಿ ಖರೇದ ಐತಲ್ಲ!”

“ಮತ್ತ? ನಮ್ಮ ಹಿಂಡಿಂದು. ಹೋದ ತಿಂಗಳ ಆರ ಚೀಲ ಒಯ್ದ್ರು, ಸಾಲಲಿಲ್ಲ ಅವರಿಗೆ.”

ಭಾಗ್ಯಾ ಕಿಟಕಿಯ ಹೊರಗೆ ನೋಡಿದಳು. ಪಟ್ಟಿಯನ್ನು ನಿರ್ಣಾಯಕರು ಅಜ್ಜನೆದುರು ಜೋರಾಗಿ ಓದುತ್ತಾರೋ, ಮನಸ್ಸಿನಲ್ಲೇ ಓದಿಕೊಳ್ಳುತ್ತಾರೋ?

ನಿರ್ಣಾಯಕ ಶಿದ್ರಾಮ ಸರ್ ಜೋರಾಗಿಯೇ ಓದಿದರು. ಮೊದಲು ಕಾಜಲ್ ಎಂಬ ಹುಡುಗಿಯ ಬಾಟಲಿ ವಿಮಾನ.

“ಇವು ಖಾಲಿ ಬಾಟ್ಲಿ ಖರೇನ?”

“ಹೌದ್ರಿ ಸರ್. ಖಾಲಿ ಮಾಡಾಕ ಮನಿಮಂದೆಲ್ಲಾ ನಿನ್ನೆ ಸಂಜಿತನಾ ಸೋಡಾ ಕುಡದೇವ್ರಿ.”

ವಿಮಾನ ನಿಯಮದೊಳಗೆ ಬಂತು. ಆಮೇಲೆ ಕುರಿಗಳು. ಖಂಡೆಪ್ಪ ಮೊಮ್ಮಗಳ ಹಿಂದೆಯೇ ನಿಂತಿದ್ದ.

“ಉಣ್ಣೆ, ಎಸೆದದ್ದು. ಯಾರವಾ ಒಗದಾವ್ರು?”

ಭಾಗ್ಯಾ ಹಿಂದೆ ನಿಂತ ಅಜ್ಜನನ್ನು ಒಮ್ಮೆ ನೋಡಿದಳು. “ಯಾರೂ ಒಗದಿಲ್ರಿ ಸರ್. ಟೀಚರ್ ತಪ್ಪ ಬರದಾರ್ರಿ. ಜಾಲಿಮುಳ್ಳಿಗೆ ಸಿಕ್ಕಿದ್ದು ಆರಿಸೇನ್ರಿ.”

ಸರಿತಾ ಟೀಚರ್ ಬಾಯಿ ತೆರೆದವರು, ಹುಡುಗಿಯ ಮುಖ ನೋಡಿ ಮುಚ್ಚಿದರು. ಶಿದ್ರಾಮ ಸರ್ ಒಂದು ಕುರಿಯನ್ನು ತಿರುವಿ ನೋಡಿದರು.

“ಮುಳ್ಳಿನ್ಯಾಗ ಇಷ್ಟ ಸಿಗತೈತಿ? ಇದು ಕತ್ತರೀಲೆ ಕತ್ತರಿಸಿದ್ದು. ಕಿಮ್ಮತ್ತಿನ ಮಾಲ ಇದು. ನೇಮ ಅಂದ್ರ ನೇಮ.” ಅವರ ಪೆನ್ನು ಭಾಗ್ಯಾಳ ಹೆಸರಿನ ಮೇಲೆ ಬಂದು ನಿಂತಿತು.

ಖಂಡೆಪ್ಪ ಕೈಚಾಚಿ ಇನ್ನೊಂದು ಕುರಿಯನ್ನು ಎತ್ತಿಕೊಂಡ. ಹೆಬ್ಬೆರಳಿನಿಂದ ಉಣ್ಣೆ ಬಿಡಿಸಿದ. ಬುಡದಲ್ಲಿ ಒಲೆಯ ಬೂದಿ ಹತ್ತಿಕೊಂಡಿತ್ತು. ಮನೆಯ ಬೂದಿ ಬೀಳುವುದೂ ಆ ತಗ್ಗಿಗೇ.

“ತಗ್ಗಿನ್ಯಾಗಿಂದ ತಂದಿಯೇನ?”

ಭಾಗ್ಯಾ ಹೌದೆಂದು ತಲೆ ಆಡಿಸಿದಳು.

“ಮುಳ್ಳೂ ಇಲ್ಲ, ಏನೂ ಇಲ್ರಿ ಸಾಹೇಬ್ರ,” ಎಂದ ಖಂಡೆಪ್ಪ. “ಒಗದಾಂವ ನಾನ. ಆರೂ ಚೀಲ. ಯಾರೂ ಒಯ್ಯಾಕ ಬರಲಿಲ್ಲ. ಕಸಾ ಅಂತ ಬರಕೋರಿ.”

ಶಿದ್ರಾಮ ಸರ್ ಕನ್ನಡಕ ಸರಿಪಡಿಸಿಕೊಂಡರು. “ಇಲ್ಲೊಂದು ಸಹಿ ಬೇಕಾಗತೈತ್ರಿ ಅಜ್ಜಾರ.”

“ಎಲ್ಲಿ?”

ಅವರು ತೋರಿಸಿದ ಕಡೆ ಖಂಡೆಪ್ಪ ಅಕ್ಷರಕ್ಕೊಂದು ಉಸಿರು ಬಿಡುತ್ತ ಸಹಿ ಮಾಡಿದ. ಪೆನ್ನು ಹಿಂದಿರುಗಿಸಿ ಮೊಮ್ಮಗಳಿಗೆ ಹೇಳಿದ, “ಊರೆಲ್ಲಾ ಹೇಳಕೊಂಡ ಬಂದಾಳಲ್ಲ ನಿಮ್ಮ ಆಯಿ, ಆಕಿಗೆ ನಾನ ಹೇಳ್ತೇನಿ. ನೀ ನಡುವ ಬಾಯಿ ಹಾಕಬ್ಯಾಡ.”

ಮೊದಲ ಬಹುಮಾನ ಬಾಟಲಿ ವಿಮಾನಕ್ಕೆ ಹೋಯಿತು. ಎರಡನೆಯದು ಭಾಗ್ಯಾಳಿಗೆ ಬಂತು. ಇಬ್ಬರೂ ಜಿಲ್ಲಾಮಟ್ಟಕ್ಕೆ ಆಯ್ಕೆಯಾದರು.